ಕಿರೀಟ ಕಟ್ಟುವ ಸರದಿ

ಕೊಡಿಗೇನಹಳ್ಳಿ, ಮಧುಗಿರಿ ತಾಲ್ಲೂಕು
9 ನವೆಂಬರ್ 2025

ಸಭಾ ಮಹಾಜನರೇ, ಸಮುದ್ರದಾಚೆಯ ವೃದ್ಧಾಶ್ರಮದ ಹಜಾರದಲ್ಲಿ ಕಂಬಳಿ ಹೊದ್ದು ಕುಳಿತ ಹಿರಿಯರೇ, ತಾಯಂದಿರೇ, ಕಿವಿ ಮಂದವಾಗಿ ಮುಂದಿನ ಸಾಲಿಗೆ ಬಂದವರೇ, ನಿದ್ದೆ ಬಂದರೆ ಎದ್ದು ಹೋಗಲು ಅನುಕೂಲವೆಂದು ಹಿಂದಿನ ಸಾಲು ಹಿಡಿದವರೇ, ಕೊಡಿಗೇನಹಳ್ಳಿಯ ಓಬಳರಾಜು ನಿಮಗೆಲ್ಲ ಶಿರಬಾಗಿ ವಂದಿಸುತ್ತಾನೆ. ಪರದೆ ಏಳುತ್ತಿದೆ, ಗದ್ದಲ ಬೇಡ.

ಮಗಳೇ ಸಹನಾ, ಇಷ್ಟನ್ನು ಎದ್ದು ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು ಓದು. ಇಂಗ್ಲಿಷಿಗೆ ತಿರುಗಿಸುವಾಗ ದನಿ ಇಳಿಸಬೇಡ. ನಮ್ಮ ನಾಟಕದ ಪರದೆಯ ಹಿಂದೆ, ನಿಮ್ಮಪ್ಪ ಚಿಕ್ಕನರಸಯ್ಯನ ತಬಲದ ಪಕ್ಕದಲ್ಲೇ ನಿದ್ದೆ ಮಾಡಿ ಬೆಳೆದವಳು ನೀನು. ನಿನಗೆ ಹೇಳಿಕೊಡಬೇಕಾಗಿಲ್ಲ.

ನೀನು ಅಲ್ಲಿ ನರ್ಸಾಗಿ ನೋಡಿಕೊಳ್ಳುವವರಲ್ಲಿ ಲೆನ್ ಎಂಬ ಹಿರಿಯರಿದ್ದಾರಂತೆ, ಹೆಸರಾದ ರಾಕ್ ಬ್ಯಾಂಡಿನಲ್ಲಿ ಆಯಸ್ಸಿಡೀ ಡ್ರಮ್ ಬಾರಿಸಿದವರಂತೆ. ನಿನ್ನ ಫೋನಿನಲ್ಲಿ ನಮ್ಮ ನಾಟಕದ ರೆಕಾರ್ಡಿಂಗು ಕೇಳಿ, ಈ ಗುಡುಗುವ ಮನುಷ್ಯ ಯಾರು ಅಂದರಂತೆ. ನಿಮ್ಮಪ್ಪ ಪಾವಗಡದ ಕಡೆಯ ನಿಮ್ಮೂರು ರಾಯಚರ್ಲಿನಿಂದ ಬಂದು ಈ ಮಾತು ಹೇಳಿದ ದಿನ ನಾನು ಎರಡು ಸಲ ಊಟ ಮಾಡಿದೆ. ಪ್ರಪಂಚವನ್ನೆಲ್ಲ ಸುತ್ತಿದ ಕಲಾವಿದರು ನನ್ನ ಕಂಠ ಮೆಚ್ಚಿದ್ದಕ್ಕೆ ಅವರ ಪಾದಕ್ಕೆ ಕೊಡಿಗೇನಹಳ್ಳಿಯಿಂದಲೇ ಒಂದು ನಮಸ್ಕಾರ.

ಫೋನ್ ಮಾಡಬಾರದೇ ಮಾವ ಎಂದು ನೀನು ಕೇಳುತ್ತೀಯ. ಫೋನಿಗೆ ನನ್ನ ದನಿ ಹಿಡಿಸುವುದಿಲ್ಲ ಕಣಮ್ಮ. ಅದೂ ಅಲ್ಲದೆ ಕಡಲೇಕಾಯಿ ಬಡಿಯುವ ಕಾಲ, ಗಂಟಲಿಗೆ ಸ್ವಲ್ಪ ಧೂಳು ಹಿಡಿದಿದೆ. ಆದ್ದರಿಂದ ಕಾಗದ.

ಮಾರ್ಚ್ ಏಳಕ್ಕೆ ನಮ್ಮೂರ ಬಯಲಿನಲ್ಲಿ 'ಕರಿಗಿರಿ ಸಂಗ್ರಾಮ' ಆಡುತ್ತೇವೆ, ನಮ್ಮಜ್ಜ ಕಾಟಪ್ಪ ಬರೆದು ಕಲಿಸಿದ ನಾಟಕ. ಕೋಟೆ ಕಳೆದುಕೊಳ್ಳುವ ದೊರೆಯ ಪಾರ್ಟು ಯಾವತ್ತಿನಂತೆ ನನ್ನದೇ. ಮೊದಲ ಪರದೆಯಿಂದ ಹಿಡಿದು ಬೆಳಕು ಹರಿಯುವಾಗ ಕೆರೆ ದಂಡೆಯ ಮೇಲೆ ಕತ್ತಿ ಬಿಸಾಡುವ ತನಕ, ಒಬ್ಬನೇ. ಲೆನ್ ಅವರಿಗೆ ಹೇಳು: ಅಲ್ಲಿ ಹಾಡುವ ಕೊನೆಯ ಪದ ರೆಕಾರ್ಡ್ ಮಾಡಿಸಿ ಕಳಿಸುತ್ತೇನೆ.

ಬದಲಿಗೆ ಅವರ ಕಂಪನಿಯ ಚರಿತ್ರೆ ಬೇಕು. ಯಾರು ಕಟ್ಟಿದರು, ರಾಜಪಾರ್ಟು ಯಾರದು, ಯಾವ ಊರಲ್ಲಿ ಒನ್ಸ್ ಮೋರ್ ಸಿಕ್ಕಿತು, ಯಾರು ಮುನಿಸಿಕೊಂಡು ಎದ್ದು ಹೋದರು, ಎಲ್ಲವನ್ನೂ ಬರೆ. ಕಂಪನಿ ಅಂದಮೇಲೆ ಒಬ್ಬನಾದರೂ ಎದ್ದು ಹೋಗಿರಲೇಬೇಕು.

ನಿನ್ನ ಮಾವ
ಓಬಳರಾಜು


ಹ್ಯಾಲ್ಡನ್‌ಶಾ, ಇಂಗ್ಲೆಂಡ್
30 ನವೆಂಬರ್ 2025

ಮಾವನವರಿಗೆ ಸಹನಾ ಮಾಡುವ ನಮಸ್ಕಾರಗಳು.

ಎದ್ದು ನಿಂತೇ ಓದಿದೆ. ಹಿಂದಿನ ಸಾಲಿನವರು ಎಂದಾಗ ಹಿಂದಿನ ಸಾಲಿನಲ್ಲಿದ್ದ ಮೂವರು ಅಜ್ಜಿಯರು ಕುರ್ಚಿ ಎಳೆದುಕೊಂಡು ಮುಂದಕ್ಕೆ ಬಂದರು. ಈಗ ಇಲ್ಲಿ ಊಟಕ್ಕೆ ಕೂತಾಗಲೆಲ್ಲ ಗದ್ದಲ ಬೇಡ, ಪರದೆ ಏಳುತ್ತಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ಚರಿತ್ರೆ ಕೇಳಿದಿರಿ. ಲೆನ್ ಹೇಳಿದರು, ನಾನು ಬರೆದುಕೊಂಡೆ. ಅವರು ಮಾತಾಡುವುದು ಈ ಊರಿನ ಒರಟು ಇಂಗ್ಲಿಷು. ನನಗೆ ಅದು ನಮ್ಮ ಮಧುಗಿರಿ ಸೀಮೆಯ ಮಾತಿನ ಹಾಗೇ ಕೇಳಿಸುತ್ತದೆ. ಅದಕ್ಕೇ ಅವರ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ, ನಗಬೇಡಿ.

ಬ್ಯಾಂಡಿನ ಹೆಸರು 'ಮಿಲ್‌ಗೇಟ್ಸ್'. 1964ರಲ್ಲಿ ಇಲ್ಲಿನ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ ನಾಲ್ಕು ಹುಡುಗರು ಕಟ್ಟಿದ್ದು. ಗಿರಣಿಯ ಗೇಟಿನೆದುರು ಬಸ್ಸಿಗೆ ಕಾಯುತ್ತ ಹಾಡಲು ಶುರು ಮಾಡಿದ್ದರಿಂದ ಆ ಹೆಸರು. ಚರ್ಚಿನ ಹಿಂದಿನ ಕೋಣೆಯಲ್ಲಿ ಪ್ರಾಕ್ಟೀಸು. ಊರೂರಿಗೆ ಹೋಗುತ್ತಿದ್ದದ್ದು ಬೇಕರಿಯವರ ಹಳೇ ವ್ಯಾನಿನಲ್ಲಿ, ಬಟ್ಟೆಗೆಲ್ಲ ಬ್ರೆಡ್ಡಿನ ವಾಸನೆಯಂತೆ. "ಹುಡ್ಗೀರು ಹತ್ರ ಬಂದ್ರೆ, ನೀವು ಬ್ರೆಡ್ ಮಾರೋರಾ ಅಂತ ಕೇಳೋರು ಕಣಮ್ಮ" ಅಂದರು ಲೆನ್.

ಆಮೇಲೆ ರೆಕಾರ್ಡು, ರೇಡಿಯೋ, ದೊಡ್ಡ ಹೆಸರು, ಉದ್ದ ಕೂದಲು. ಹಾಡುತ್ತಿದ್ದವರು ಡೆರೆಕ್. ಬ್ಯಾಂಡಿನ ದೊರೆ ಅವರೇ. ಕಂಜಿರದ ಥರದ ಒಂದು ವಾದ್ಯ ಇರುತ್ತದೆ ಮಾವ, ಚರ್ಮವಿಲ್ಲದ ಬರೀ ಬಳೆ, ಸುತ್ತ ತಾಳದ ಬಿಲ್ಲೆಗಳು. ಅದನ್ನು ತೊಡೆಗೆ ಬಡಿಯುತ್ತ ಅವರು ಹಾಡಿದರೆ ಊರಿಗೂರೇ ಕುಣಿಯುತ್ತಿತ್ತಂತೆ. 1986ರಲ್ಲಿ ಜರ್ಮನಿಯ ಯಾವುದೋ ಊರಿನಲ್ಲಿ ಜಗಳವಾಗಿ, ಡೆರೆಕ್ ಅರ್ಧಕ್ಕೇ ಎದ್ದು ಹೋದರು. ಆ ಬಳೆಯನ್ನೂ ತೆಗೆದುಕೊಂಡು ಹೋದರು. ಉಳಿದ ಊರುಗಳಿಗೆ ಮಾತು ಕೊಟ್ಟಾಗಿತ್ತು. ಡೆರೆಕ್‌ನ ಹಾಡುಗಳನ್ನೇ ಹೆಂಡದಂಗಡಿಗಳಲ್ಲಿ ಹಾಡುತ್ತಿದ್ದ ಕಾಲಿನ್ ಎಂಬ ಹುಡುಗನನ್ನು ಕರೆತಂದು ನಿಲ್ಲಿಸಿದರು. ಆ ಹುಡುಗನಿಗೆ ಈಗ ಅರವತ್ತು ದಾಟಿದೆ. ಇನ್ನೂ ಅವರೇ ಹಾಡುತ್ತಿದ್ದಾರೆ.

ನಡುವೆ ಒಬ್ಬೊಬ್ಬರೇ ಬದಲಾದರು. ಗಿಟಾರಿನವರು ತೀರಿಕೊಂಡ ಮೇಲೆ ಅವರ ಮಗಳು ಅದೇ ಗಿಟಾರು ಹಿಡಿದು ನಿಂತಿದ್ದಾಳೆ. ಮೊದಲಿನಿಂದ ಉಳಿದಿದ್ದವರು ಲೆನ್ ಒಬ್ಬರೇ, ಅವರ ಕೈಗೂ ನಡುಕ ಬಂದು ಈಗ ಇಲ್ಲಿದ್ದಾರೆ. ಡೆರೆಕ್ ಕಡೆಯವರು ಕಾಲಿನ್ ಹಾಡಿದ್ದನ್ನು ಮಿಲ್‌ಗೇಟ್ಸ್ ಎಂದು ಒಪ್ಪುವುದಿಲ್ಲ. ಕಾಲಿನ್ ಕಡೆಯವರು, ಓಡಿಹೋದವನ ಮಾತೇಕೆ ಅನ್ನುತ್ತಾರೆ.

ಜನವರಿ 31ಕ್ಕೆ ಇದೇ ಊರಿನ ಟೌನ್‌ಹಾಲಿನಲ್ಲಿ ಬ್ಯಾಂಡಿನ ಕೊನೆಯ ಕಾರ್ಯಕ್ರಮ. ಆಮೇಲೆ ಬ್ಯಾಂಡ್ ಇರುವುದಿಲ್ಲ. ಅಂದು ಡೆರೆಕ್ ಬಂದು ಹಾಡಬೇಕು, ಅದನ್ನು ನೋಡಬೇಕು. ಲೆನ್‌ಗೆ ಬೇರೆ ಏನೂ ಬೇಕಾಗಿಲ್ಲ. ಡೆರೆಕ್ ಮನೆ ಇಲ್ಲೇ ಎರಡು ಬೀದಿ ಆಚೆ. ಪ್ರತಿ ಗುರುವಾರ ಬಿಸ್ಕತ್ತು ಹಿಡಿದು ಗೆಳೆಯನನ್ನು ನೋಡಲು ಬರುತ್ತಾರೆ. ಆ ಮಾತೆತ್ತಿದರೆ ಟೋಪಿ ಹಾಕಿಕೊಂಡು ಹೊರಟುಬಿಡುತ್ತಾರೆ.

ನಿಮ್ಮ ಗಂಟಲಿಗೆ ಬಿಸಿನೀರು ಕುಡಿಯಿರಿ. ವರಲಕ್ಷ್ಮಿ ಅತ್ತೆಗೆ ಕೇಳಿದೆನೆಂದು ಹೇಳಿ.

ಸಹನಾ


ಕೊಡಿಗೇನಹಳ್ಳಿ
20 ಡಿಸೆಂಬರ್ 2025

ಸಭಾ ಮಹಾಜನರೇ, ಈ ಸಲ ಮೊದಲು ನಾವು ನಕ್ಕುಬಿಟ್ಟಿದ್ದೇವೆ, ಕ್ಷಮಿಸಬೇಕು.

ಸಹನಾ, ನಿನ್ನ ಕಾಗದವನ್ನು ಪ್ರಾಕ್ಟೀಸ್ ಮನೆಯಲ್ಲಿ ಇಡೀ ಮಂಡಳಿಯ ಮುಂದೆ ಓದಿಸಿದೆ. ನಾನೇ ಓದಬೇಕಿತ್ತು, ಕನ್ನಡಕ ಮರೆತು ಹೋಗಿದ್ದೆ. ಕೊರಟಗೆರೆಯ ಜಯಣ್ಣ ಓದಿದ. ದಳವಾಯಿ ಪಾರ್ಟಿನ ಜಯಣ್ಣ, ನಿನಗೆ ನೆನಪಿರಬೇಕು. ಬ್ರೆಡ್ಡಿನ ವ್ಯಾನಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾವು ಟೊಮೆಟೊ ಲಾರಿಯಲ್ಲಿ ಶಿರಾಕ್ಕೆ ಹೋಗಿ, ಕೆಂಪು ಕಲೆಯ ರಾಜಪೋಷಾಕಿನಲ್ಲೇ ನಾಟಕ ಆಡಿದ್ದು ನಿಮ್ಮಪ್ಪನಿಗೆ ನೆನಪಾಯಿತು. ಜರ್ಮನಿಯ ಜಗಳ ಬಂದಾಗ ಮಾತ್ರ ಜಯಣ್ಣ ಓದುವುದನ್ನು ನಿಲ್ಲಿಸಿ ತಲೆ ಕೆರೆದುಕೊಂಡ.

"ಅಲ್ಲಣ್ಣ, ಇದ್ರಾಗೆ ಜಗಳ ಎಲ್ಲೈತೆ? ನಮ್ ಮೊದಲ್ನೇ ಮಂತ್ರಿ, ಎರಡ್ನೇ ಮಂತ್ರಿ ಇದ್ದಂಗಲ್ವಾ ಇದು?"

ಇಡೀ ಮನೆ ಹೌದೆಂದಿತು. ಲೆನ್ ಅವರಿಗೆ ಬಿಡಿಸಿ ಹೇಳು. ನಮ್ಮ ಕಡೆ ನಾಟಕವೆಂದರೆ ರಾತ್ರಿಯಿಡೀ. ಒಬ್ಬನ ಕಂಠ ಅಷ್ಟು ಹೊತ್ತು ನಿಲ್ಲುವುದಿಲ್ಲ, ಪಾರ್ಟು ಕಟ್ಟುವ ಆಸೆಯೂ ಊರಲ್ಲಿ ಹತ್ತು ಜನಕ್ಕಿರುತ್ತದೆ. ಆದ್ದರಿಂದ ಒಂದೇ ಪಾರ್ಟಿಗೆ ಇಬ್ಬರು. ಅರ್ಧ ನಾಟಕಕ್ಕೆ ಮೊದಲ ಮಂತ್ರಿ ಒಳಗೆ ಹೋಗುತ್ತಾನೆ, ಎರಡನೇ ಮಂತ್ರಿ ಹೊರಗೆ ಬರುತ್ತಾನೆ. ಒಬ್ಬ ಕುಳ್ಳ, ಒಬ್ಬ ಉದ್ದ, ಒಬ್ಬನಿಗೆ ಹೊಟ್ಟೆ. ಸಭೆಯಲ್ಲಿ ಯಾರೂ ಮೊದಲಿನವನು ಎಲ್ಲಿ ಹೋದ ಎಂದು ಕೇಳುವುದಿಲ್ಲ. ಮಂತ್ರಿ ಮಂತ್ರಿಯೇ.

ಆದರೆ ಒಂದು ಪದ್ಧತಿ ಇದೆ. ಒಳಗೆ ಬಂದವನು ತನ್ನ ತಲೆಯ ಕಿರೀಟವನ್ನು ತಾನೇ ಬಿಚ್ಚಿ, ಹೊರಗೆ ಹೋಗುವವನ ತಲೆಗೆ ತನ್ನ ಕೈಯಾರೆ ಕಟ್ಟಬೇಕು. ಕಿರೀಟ ಇನ್ನೂ ಬಿಸಿಯಿರುತ್ತದೆ, ಬೆವರಿನಿಂದ ಒದ್ದೆಯಿರುತ್ತದೆ. ಕಟ್ಟಿಸಿಕೊಂಡವನು ಕಟ್ಟಿದವನ ಕಾಲು ಮುಟ್ಟಿ ಹೋಗುತ್ತಾನೆ. ಹಾಗೆ ಕಟ್ಟದಿದ್ದರೆ ಎರಡನೆಯವನಿಗೆ ಇಡೀ ರಾತ್ರಿ ಪದ ಹತ್ತುವುದಿಲ್ಲ ಎಂದು ನಮ್ಮಜ್ಜ ಹೇಳುತ್ತಿದ್ದ.

ನಿಮ್ಮಲ್ಲಿ ಆಗಿರುವ ಅಚಾತುರ್ಯ ಇಷ್ಟೇ. ಡೆರೆಕ್ ಅವರು ಕಿರೀಟ ಕಟ್ಟದೆ ಹೊರಟುಬಿಟ್ಟಿದ್ದಾರೆ. ಪಾಪ, ಆ ಕಾಲಿನ್ ಇಷ್ಟು ವರ್ಷ ಬರಿದಲೆಯಲ್ಲಿ ಆಡುತ್ತಿದ್ದಾನೆ. ಇವರು ಬಂದು ಮೊದಲರ್ಧ ಹಾಡಲಿ, ಕಟ್ಟಲಿ, ಅವನು ಕೊನೆಯರ್ಧ ಹಾಡಲಿ. ಇದಕ್ಕೆ ಟೋಪಿ ಹಾಕಿಕೊಂಡು ಓಡಿಹೋಗುವುದೇನು ಬಂತು?

ಇನ್ನು, ಮೊದಲಿನವರು ಯಾರೂ ಇಲ್ಲದ್ದು ಬ್ಯಾಂಡೇ ಅಲ್ಲ ಅನ್ನುವವರಿಗೆ ಹೇಳು: ನಮ್ಮಜ್ಜನ ಕಾಲದವರು ಒಬ್ಬರೂ ಇಲ್ಲದ ಮಂಡಳಿ ನಮ್ಮದು. ಮಾರ್ಚ್ ಏಳಕ್ಕೆ ಬಂದು ನೋಡಲಿ.

ಕಾಗದ ಮಡಿಚಿಟ್ಟ ಮೇಲೆ ಜಯಣ್ಣ ಮೆಲ್ಲಗೆ, ಅಂಗಾರೆ ದೊರೆ ಪಾರ್ಟಿಗೂ ಇಬ್ರು ಆಗಬೋದಲ್ಲಣ್ಣ ಅಂದ. ಪ್ರತಿವರ್ಷ ಕೇಳುತ್ತಾನೆ. ನಾನು ಪ್ರತಿವರ್ಷದ ನೋಟವನ್ನೇ ನೋಡಿದೆ. ಎದ್ದು ಎಲ್ಲರಿಗೂ ಟೀ ಬಗ್ಗಿಸಿದ. ಮಂತ್ರಿ ಬೇರೆ, ದೊರೆ ಬೇರೆ ಕಣಮ್ಮ. ದೊರೆ ಒಬ್ಬನೇ.

ಓಬಳರಾಜು


ಹ್ಯಾಲ್ಡನ್‌ಶಾ
9 ಜನವರಿ 2026

ಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿದಾಗ ಲೆನ್ ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ನಗು ನಿಲ್ಲಿಸಿ, ಕಿರೀಟದ ಭಾಗವನ್ನು ಇನ್ನೊಮ್ಮೆ ಓದಿಸಿದರು. ನಿನ್ನೆ ಗುರುವಾರ, ಡೆರೆಕ್ ಬರುವ ದಿನ. ಅವರು ಬಂದು ಕೂತು, ಬಿಸ್ಕತ್ತಿನ ಪೊಟ್ಟಣ ಬಿಚ್ಚುವ ಹೊತ್ತಿಗೆ ಲೆನ್ ನನಗೆ ಕಣ್ಸನ್ನೆ ಮಾಡಿದರು. ನಾನು ಎದ್ದು ನಿಂತು, ಎದೆ ತುಂಬ ಉಸಿರೆಳೆದುಕೊಂಡು ಓದಿದೆ.

ಡೆರೆಕ್ ಟೋಪಿಗೆ ಕೈ ಹಾಕಿದರು. ಮುಂದಿನ ಸಾಲಿನ ಅಜ್ಜಿಯೊಬ್ಬರು, ಕೂತ್ಕೊಳಯ್ಯ, ಪರದೆ ಇನ್ನೂ ಬಿದ್ದಿಲ್ಲ ಅಂದರು. ಕೂತರು. ಕಾಲಿನ್ ಬರಿದಲೆಯಲ್ಲಿ ಆಡುತ್ತಿದ್ದಾನೆ ಅನ್ನುವಲ್ಲಿ ಅವರ ಮುಖ ನೋಡಬೇಕಿತ್ತು ಮಾವ. ಬೈಸಿಕೊಂಡವರ ಮುಖ ಅಲ್ಲ. ಅಷ್ಟು ವರ್ಷದಲ್ಲಿ ಎಲ್ಲರೂ ಅವರು ಕಳೆದುಕೊಂಡದ್ದರ ಬಗ್ಗೆಯೇ ಮಾತಾಡಿದ್ದರು. ಅವರು ಕೊಡದೆ ಹೋದದ್ದೂ ಒಂದಿದೆ ಎಂದು ಯಾರೂ ಹೇಳಿರಲಿಲ್ಲವೇನೋ.

ಬಿಸ್ಕತ್ತಿನ ಪೊಟ್ಟಣ ಮಡಿಚಿಟ್ಟು ಒಂದು ಪ್ರಶ್ನೆ ಕೇಳಿದರು.

"ಅಂಗಾರೆ ನಿಮ್ ಮಾವಂಗೆ ಎರಡ್ನೇ ದೊರೆ ಯಾರಮ್ಮ?"

ಯಾರೂ ಇಲ್ಲ, ಅವರು ಒಬ್ಬರೇ ಅಂದೆ.

"ಓ, ಅವ್ನೂ ನನ್ ಥರದೋನೇ ಬುಡು" ಅಂದು ಟೋಪಿ ಹಾಕಿಕೊಂಡರು. ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ. ಲೆನ್ ಆಗಿನಿಂದ ಕ್ಯಾಲೆಂಡರ್ ನೋಡುತ್ತ ಕೂತಿದ್ದಾರೆ.

ಗಂಟಲಿನ ಧೂಳು ಹೋಯಿತೇ ಮಾವ? ಕಡಲೇಕಾಯಿ ಬಡಿದು ಮುಗಿದು ಎಷ್ಟೋ ದಿನವಾಯಿತೆಂದು ಅಮ್ಮ ಹೇಳಿದಳು.

ಸಹನಾ


ಕೊಡಿಗೇನಹಳ್ಳಿ
25 ಜನವರಿ 2026

ಸಹನಾಳಿಗೆ ಆಶೀರ್ವಾದ.

ಕಾಗದ ತಲುಪಿತು. ಗಂಟಲು ಚೆನ್ನಾಗಿದೆ. ಪ್ರಾಕ್ಟೀಸು ನಡೆಯುತ್ತಿದೆ. ಎದ್ದು ಓಡಿಹೋದವರನ್ನೂ ನಿಂತು ಆಡುವವರನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ ಎಂದು ಆ ಡೆರೆಕ್ ಅವರಿಗೆ ತಿಳಿಸಬಹುದು.

ಇಲ್ಲಿ ಎಲ್ಲರೂ ಕ್ಷೇಮ.

ಓಬಳರಾಜು


ಹ್ಯಾಲ್ಡನ್‌ಶಾ
2 ಫೆಬ್ರವರಿ 2026

ಮಾವನವರಿಗೆ ಸಹನಾ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಿಮ್ಮಿಂದ ಇನ್ನೂ ಉತ್ತರ ಬಂದಿಲ್ಲ. ಕಾಯುವಷ್ಟು ತಾಳ್ಮೆಯೂ ನನಗಿಲ್ಲ. ಬಂದರು ಮಾವ, ಡೆರೆಕ್ ಬಂದರು.

ಶನಿವಾರ ಟೌನ್‌ಹಾಲಿನಲ್ಲಿ ನಮ್ಮವರಿಗೆಲ್ಲ ಒಂದು ಸಾಲು ಬಿಟ್ಟಿದ್ದರು. ಕಂಬಳಿ ಸಮೇತ ಹೋಗಿದ್ದೆವು. ಲೆನ್ ಗಾಲಿಕುರ್ಚಿಯನ್ನು ವೇದಿಕೆಯ ಪಕ್ಕದಲ್ಲೇ ನಿಲ್ಲಿಸಿದ್ದೆ. ಪರದೆ ಏಳಲು ಐದು ನಿಮಿಷವಿದೆ ಅನ್ನುವಾಗ ಹಿಂಬಾಗಿಲಿನಿಂದ ಡೆರೆಕ್ ಒಳಗೆ ಬಂದರು. ತಲೆಯಲ್ಲಿ ಟೋಪಿಯಿಲ್ಲ, ಕೈಯಲ್ಲಿ ಆ ಬಳೆ. ಕಾಲಿನ್ ಅಲ್ಲೇ ನೀರು ಕುಡಿಯುತ್ತ ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಡೆರೆಕ್ ಕೇಳಿದ್ದು ಇಷ್ಟೇ: "ಮೊದಲರ್ಧ ನಂದು. ಆಗ್ತದಾ?" ಕಾಲಿನ್ ಲೋಟ ಕೆಳಗಿಟ್ಟು ದಾರಿ ಬಿಟ್ಟರು. ನಿಮ್ಮ ಕಾಗದದ ಕಿರೀಟದ ಮಾತನ್ನು ಲೆನ್ ಅವರಿಗೂ ಹೇಳಿದ್ದರೆಂದು ನನಗೆ ಆಮೇಲೆ ತಿಳಿಯಿತು.

ಡೆರೆಕ್ ಕಂಠ ಮೊದಲಿನಂತಿಲ್ಲ. ಮೇಲಿನ ಸ್ವರಕ್ಕೆ ಹೋಗುವಾಗ ಒರಟಾಯಿತು. ಸಭೆ ಮಾತ್ರ ಉಸಿರು ಬಿಡದೆ ಕೇಳಿತು. ಅರ್ಧಕ್ಕೆ ಕಾಲಿನ್ ಹೊರಗೆ ಬಂದರು. ಆಗ ಡೆರೆಕ್ ಆ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಕೈಗೆ ಕೊಡಲಿಲ್ಲ ಮಾವ, ಅವರ ತಲೆಯ ಮೇಲೆ ಇಟ್ಟರು. ಬಿಲ್ಲೆಗಳು ಘಲ್ ಎಂದವು. ಕಾಲಿನ್ ತಲೆ ಬಗ್ಗಿಸಿ ನಿಂತರು. ಟೌನ್‌ಹಾಲಿನಲ್ಲಿದ್ದ ಉಳಿದ ಜನಕ್ಕೆ ಅದೇನೆಂದು ಗೊತ್ತಾಗಲಿಲ್ಲ. ನಮ್ಮ ಕಂಬಳಿ ಸಾಲಿಗೆ ಗೊತ್ತಾಯಿತು. ನಿಲ್ಲಲು ಬರುವವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ಉಳಿದವರು ಕುರ್ಚಿ ಬಡಿದರು. ಲೆನ್ ಅಳುತ್ತಿದ್ದರು, ಅಳುತ್ತಲೇ ಎರಡು ಬೆರಳಿನಲ್ಲಿ ಕುರ್ಚಿಯ ಕೈಮೇಲೆ ತಾಳ ಹಾಕುತ್ತಿದ್ದರು. ತಾಳ ತಪ್ಪಲಿಲ್ಲ.

ಕೊನೆಯರ್ಧವನ್ನು ಡೆರೆಕ್ ನಮ್ಮ ಸಾಲಿನಲ್ಲಿ, ನನ್ನ ಪಕ್ಕ ಕೂತು ಕೇಳಿದರು. ಮುಗಿದ ಮೇಲೆ ನಿಮಗೆ ಬರೆಯಲು ಹೇಳಿದರು.

"ನಿಮ್ ಮಾವಂಗೆ ಬರಿ. ಕೊಡೋವರ್ಗೂ ಭಾರ ಇತ್ತು. ಕೊಟ್ಟು ಬಂದು ಕೂತ್ಮೇಲೆ, ನನ್ ಬ್ಯಾಂಡು ಹೆಂಗೆ ಕೇಳಿಸ್ತದೆ ಅಂತ ಇವತ್ತೇ ಗೊತ್ತಾಗಿದ್ದು. ಅಲ್ಲಿ ನಿಂತೋರ್ಗೆ ಅದು ಕೇಳ್ಸಲ್ಲ."

ಮಾವ, ಇನ್ನೊಂದು ಮಾತು. ಅಪ್ಪ ಫೋನಿನಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟರು. ನಿಮ್ಮ ಗಂಟಲಿನಲ್ಲಿರುವುದು ಧೂಳಲ್ಲ, ಗಂಟು. ಮಧುಗಿರಿಯ ಡಾಕ್ಟರು ಜೋರಾಗಿ ಮಾತಾಡಬೇಡಿ ಅಂದಿದ್ದಾರೆ. ರಾತ್ರಿಯಿಡೀ ಹಾಡಿದರೆ ದನಿ ಮತ್ತೆ ಬರುವ ಭರವಸೆಯಿಲ್ಲ ಅಂದಿದ್ದಾರೆ. ನೀವು ನನಗೆ ಫೋನ್ ಮಾಡದೆ ಕಾಗದ ಬರೆಯುತ್ತಿರುವುದು ಅದಕ್ಕೇ. ಅಪ್ಪನನ್ನು ಬೈಯಬೇಡಿ. ನಾನು ನಿಮಗೆ ಏನನ್ನೂ ಹೇಳುವುದಿಲ್ಲ. ನಾನು ಹುಟ್ಟಿದಾಗಿನಿಂದ ನಿಮ್ಮ ದನಿ ಕೇಳಿಕೊಂಡೇ ನಿದ್ದೆ ಮಾಡಿದವಳು, ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಆ ರೆಕಾರ್ಡಿಂಗು ಇಲ್ಲದಿದ್ದರೆ ವಾಪಸು ಬಂದುಬಿಡುತ್ತಿದ್ದೆ. ಅಷ್ಟು ಮಾತ್ರ ಗೊತ್ತಿರಲಿ.

ನಿಮ್ಮ ಮಗಳು
ಸಹನಾ


ಕೊಡಿಗೇನಹಳ್ಳಿ
26 ಫೆಬ್ರವರಿ 2026

ಸಭಾ ಮಹಾಜನರೇ, ಕಂಬಳಿ ಸಾಲಿನ ನನ್ನ ಬಂಧುಗಳೇ, ಲೆನ್ ಅವರೇ, ಡೆರೆಕ್ ಅವರೇ, ಕಿರೀಟ ಕಟ್ಟಿಸಿಕೊಂಡ ಕಾಲಿನ್ ಅವರೇ, ಈ ಸಲ ಸಹನಾ ಮೆಲ್ಲಗೆ ಓದಲಿ. ಮೆಲ್ಲಗೆ ಹೇಳಿದ್ದೂ ನಿಮಗೆ ಕೇಳಿಸುತ್ತದೆ ಎಂದು ನನಗೀಗ ಗೊತ್ತು.

ಮಗಳೇ, ನನ್ನ ನಾಲ್ಕು ಸಾಲಿನ ಕಾಗದ ಸಿಕ್ಕಿದ್ದರೆ ಒಲೆಗೆ ಹಾಕು. ಅಲ್ಲಿ ಒಲೆ ಇಲ್ಲವಾದರೆ ಹರಿದು ಹಾಕು. ಗಂಟಿರುವುದು ನಿಜ. ನಿಮ್ಮಪ್ಪನನ್ನು ಬೈದೆ, ಪಿಸುಮಾತಿನಲ್ಲಿ. ಪಕ್ಕದಲ್ಲಿದ್ದ ನಿಮ್ಮಮ್ಮ ಮಾರಕ್ಕ, "ಏಮಿ ದೊರಾ, ಗೊಂತು ಅಪ್ಪುಡೇ ಪೋಯಿಂದಾ?" ಎಂದು ಕೇಳಿ ಸೆರಗಿನಲ್ಲಿ ನಕ್ಕಳು. ಗಂಟಲು ಆಗಲೇ ಹೋಯಿತಾ ಎಂದು ದೊರೆಯನ್ನು ಹಂಗಿಸುವ ಧೈರ್ಯ ಪಾವಗಡದ ಕಡೆಯವರಿಗೆ ಮಾತ್ರ.

ನಡೆದದ್ದನ್ನು ಹೇಳುತ್ತೇನೆ. ನಿನ್ನ ಕಾಗದ ಬಂದ ಮೇಲೂ ನಾನು ಬಗ್ಗಲಿಲ್ಲ. ಹೋದ ಭಾನುವಾರ ಕೆರೆ ದಂಡೆಯ ಸೀನಿನ ಪ್ರಾಕ್ಟೀಸು. ಆ ಹೊತ್ತಿಗೆ ದಳವಾಯಿ ಸತ್ತು ಬಹಳ ಹೊತ್ತಾಗಿರುತ್ತದೆ, ಜಯಣ್ಣ ಪರದೆಯ ಹಿಂದೆ ಖಾಲಿ ಕೂತಿದ್ದ. ಕತ್ತಿ ಎತ್ತಿದೆ, ಕೊನೆಯ ಪದ ಎತ್ತಿದೆ. ಮೇಲಿನ ಸ್ವರದಲ್ಲಿ ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಆದರೆ ಪದ ನಿಲ್ಲಲಿಲ್ಲ ಸಹನಾ. ನನ್ನ ಬೆನ್ನ ಹಿಂದಿನ ಪರದೆಯಾಚೆಯಿಂದ, ನನ್ನದೇ ವರಸೆಯಲ್ಲಿ, ನಾನು ಎಳೆಯುವಲ್ಲಿ ಎಳೆದು, ನಾನು ನಿಲ್ಲಿಸುವಲ್ಲಿ ನಿಲ್ಲಿಸಿ ಪದ ಹೋಗುತ್ತಲೇ ಇತ್ತು. ಹಾರ್ಮೋನಿಯಂ ಮೇಷ್ಟ್ರು ತಲೆಯೆತ್ತಲಿಲ್ಲ. ನಿಮ್ಮಪ್ಪನ ಕೈ ಮಾತ್ರ ತಬಲದ ಮೇಲೆ ಒಂದು ಕ್ಷಣ ತಡೆದು ಮುಂದಕ್ಕೆ ಹೋಯಿತು. ನಾನು ಬಾಯಿ ಆಡಿಸುತ್ತ ನಿಂತೆ. ನಿಂತು ಕೇಳಿದೆ. ನಮ್ಮಜ್ಜ ಬರೆದ ಪದ ಅಷ್ಟು ಚೆನ್ನಾಗಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ, ಡೆರೆಕ್ ಅವರು ಅಂದ ಹಾಗೆ, ಅಲ್ಲಿ ನಿಂತವನಿಗೆ ಅದು ಕೇಳಿಸುವುದಿಲ್ಲ.

ಒಳಗೆ ಬಂದರೆ ಜಯಣ್ಣ ಏನೂ ಆಗದವನ ಹಾಗೆ ಟೀ ಕುಡಿಯುತ್ತಿದ್ದ. "ಲೇ, ಯಾರ್ಲಾ ಪದ ಎತ್ಕೊಂಡಿದ್ದು?" ಎಂದು ಕೇಳಿದೆ.

"ಯಾರೂ ಇಲ್ವಲ್ಲಣ್ಣ" ಅಂದ. "ನೀನೇ ಹಾಡಿದ್ದು."

ಲೋಟ ತೊಳೆದಿಟ್ಟು ಬಸ್ಸಿಗೆ ಹೋದ. ನಾಲ್ಕು ದಿನದಿಂದ ಆ ಮಾತು ನನ್ನ ಕಿವಿಯಲ್ಲಿದೆ. ಯಾರಿಗೂ ಹೇಳಿಲ್ಲ, ವರಲಕ್ಷ್ಮಿಗೂ ಹೇಳಿಲ್ಲ. ನಿಮಗೆ ಮೊದಲು.

ಲೆನ್ ಅವರೇ, ನಿಮ್ಮ ಚರಿತ್ರೆ ಕೇಳಿ ನಿಮಗೆ ಬುದ್ಧಿ ಹೇಳಲು ಹೊರಟೆ. ನೀವು ಸಿಟ್ಟು ಮಾಡಿಕೊಳ್ಳದೆ ಅದನ್ನು ನಂಬಿ, ಆಡಿ ತೋರಿಸಿ, ನನ್ನದನ್ನು ನನಗೇ ವಾಪಸು ಕಳಿಸಿದಿರಿ. ನಿಮ್ಮ ಋಣ ದೊಡ್ಡದು. ಡೆರೆಕ್ ಅವರೇ, ತಕ್ಕಡಿಯ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿಮ್ಮ ಜೊತೆ ಒಂದೇ ತಟ್ಟೆಯಲ್ಲಿ ಕೂರಲು ನನಗೆ ಹೆಮ್ಮೆಯಿದೆ. ಸಹನಾ, ನನ್ನ ಕಂಠ ಯಾರದೋ ಚಳಿಗಾಲಕ್ಕೆ ಆಗಿಬಂತು ಎಂದು ಬರೆದೆಯಲ್ಲ. ಅಷ್ಟು ಸಾಕು ಕಣಮ್ಮ. ಇನ್ನು ಅದು ಅರ್ಧ ನಾಟಕಕ್ಕೆ ಬಂದರೂ ಹೆಚ್ಚೇ.

ದೊರೆಯ ಕಿರೀಟವನ್ನು ಪೆಟ್ಟಿಗೆಯಿಂದ ತೆಗೆದಿದ್ದೇನೆ. ವರಲಕ್ಷ್ಮಿ ಒರೆಸಿ, ಉದುರಿದ ಎರಡು ಮಣಿ ಅಂಟಿಸಿ, ಯಾಕೆ ಎಂದು ಕೇಳದೆ ರಟ್ಟಿನ ಡಬ್ಬಿಗೆ ಹಾಕಿಕೊಟ್ಟಳು. ನನ್ನ ತಲೆ ದೊಡ್ಡದು, ಜಯಣ್ಣನದು ಚಿಕ್ಕದು, ಒಳಗೆ ಸುತ್ತಲು ಹಳೇ ಪಂಚೆಯ ಒಂದು ಚೂರನ್ನೂ ಅವಳೇ ಇಟ್ಟಿದ್ದಾಳೆ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಮಧುಗಿರಿಗೆ ಹೋಗಿ, ಅಲ್ಲಿಂದ ಕೊರಟಗೆರೆ ಬಸ್ಸು ಹತ್ತುತ್ತೇನೆ. ಡಬ್ಬಿಯನ್ನು ಮೇಲೆ ಇಡುವುದಿಲ್ಲ, ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಕಂಡಕ್ಟರ್ ಕೇಳಿದರೆ ಅದಕ್ಕೂ ಅರ್ಧ ಟಿಕೆಟ್ ತೆಗೆಸುತ್ತೇನೆ. ಜಯಣ್ಣ ಹಲ್ಲುಜ್ಜುತ್ತ ಬಾಗಿಲಿಗೆ ಬರುತ್ತಾನೆ. ಅವನು ಬಾಯಿ ತೊಳೆದುಕೊಳ್ಳುವವರೆಗೂ ಕಾಯುತ್ತೇನೆ. ಆಮೇಲೆ ಅಂಗಳದಲ್ಲೇ ಕೂರಿಸಿ, ಪಂಚೆಯ ಚೂರು ಸುತ್ತಿ, ಅಳತೆ ನೋಡಿ, ನನ್ನ ಕೈಯಾರೆ ಕಟ್ಟುತ್ತೇನೆ.

ನಿಮ್ಮ
ಮೊದಲರ್ಧದ ದೊರೆ
ಓಬಳರಾಜು